ಹಿತ್ತಲಿನ ಕೈತೋಟಕ್ಕೆ ಜಿಂಕೆ ನುಗ್ಗದಂತೆ ಬೇಲಿ ಕಟ್ಟುವ ಬಗೆ

ಎಚ್.ಡಿ. ಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ, ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಸುತ್ತಮುತ್ತ, ಮಂಡ್ಯ ಜಿಲ್ಲೆಯಲ್ಲಾದರೆ ಹಲಗೂರಿನಿಂದ ಮುತ್ತತ್ತಿಗೆ ಹೋಗುವ ಹಾದಿಯ ಎಡಬಲದಲ್ಲಿ ಮನೆ ಮಾಡಿಕೊಂಡಿರುವವರಿಗೆ ಆನೆ, ಹಂದಿಗಳ ಕಾಟದಷ್ಟು ಸುದ್ದಿಯಾಗದ, ಆದರೆ ವರ್ಷದಲ್ಲಿ ಹಲವು ತಿಂಗಳು ತಪ್ಪದ ಇನ್ನೊಂದು ಕಾಟವಿದೆ. ಅದು ಚುಕ್ಕೆ ಜಿಂಕೆಯದು. ಸಂಜೆ ನೀರು ಹಾಯಿಸಿ ಬಂದ ಅಲಸಂದೆ ಸಾಲು ಬೆಳಗಾಗುವಷ್ಟರಲ್ಲಿ ಬರೀ ಕಡ್ಡಿಯಾಗಿ ನಿಂತಿರುತ್ತದೆ. ಹೊಲಕ್ಕೆ ಕಾವಲು ಕೂರುವ ರೈತ ಕೂಡ ಮನೆಯ ಹಿಂದಿನ ಆರು ಮಡಿ ಸೊಪ್ಪಿಗೆ ಕಾವಲು ಕೂರಲಾರ. ಈ ಬರಹ ಅಂಥ ಸಣ್ಣ ಹಿತ್ತಲುಗಳನ್ನು, ಅಂದರೆ ಹೆಚ್ಚೆಂದರೆ ಮೂವತ್ತು ನಲವತ್ತು ಅಡಿ ಅಳತೆಯ ಕೈತೋಟಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು.

ಜಿಂಕೆಯನ್ನು ತಡೆಯುವ ಬಗ್ಗೆ ಹುಡುಕಿದವರಿಗೆ ಮೊದಲು ಸಿಗುವ ಸಲಹೆ ಎಂಟು ಅಡಿ ಎತ್ತರದ ಬೇಲಿ ಹಾಕಿ ಎಂಬುದು. ಆ ಸಲಹೆ ಸುಳ್ಳಲ್ಲ, ಆದರೆ ಅದು ಅಮೆರಿಕದ ಬಿಳಿಬಾಲದ ಜಿಂಕೆಯನ್ನು ನೋಡಿ ಹುಟ್ಟಿದ್ದು. ಅದು ಎತ್ತರಕ್ಕೆ ಹಾರುವುದರಲ್ಲಿ ನಿಸ್ಸೀಮ ಪ್ರಾಣಿ. ನಮ್ಮ ಚುಕ್ಕೆ ಜಿಂಕೆಗೂ ಹಾರಲು ಬರುತ್ತದೆ, ಬೆನ್ನಟ್ಟಿದರೆ ಐದು ಅಡಿಯ ತನಕ ದಾಟೀತು. ಆದರೆ ಯಾರೂ ಅಟ್ಟದಿದ್ದಾಗ, ಮೇವಿಗೆಂದು ನಿಧಾನವಾಗಿ ಬಂದಾಗ, ಅದು ಹಾರುವುದಕ್ಕಿಂತ ತಗ್ಗಿ ನುಸುಳುವುದನ್ನೇ ಇಷ್ಟಪಡುತ್ತದೆ. ದೊಡ್ಡ ಗಂಡಿನ ಭುಜದ ಎತ್ತರವೂ ಸುಮಾರು ಮೂರು ಅಡಿಯಷ್ಟೆ, ಹೆಣ್ಣು ಇನ್ನೂ ತಗ್ಗು. ಹೀಗಾಗಿ ನಮ್ಮ ಕಡೆ ಬೇಲಿಯ ನೆತ್ತಿಗಿಂತ ಬೇಲಿಯ ಬುಡಕ್ಕೆ ಹೆಚ್ಚು ಗಮನ ಕೊಡಬೇಕಾಗುತ್ತದೆ.

ಇದನ್ನು ನಾನು ಕಲಿತದ್ದು ಒಂದು ಧನುರ್ಮಾಸದಲ್ಲಿ. ಅವರೆ ಹೂವು ಕಳೆದು ಎಳೆಕಾಯಿ ಕಟ್ಟಿ, ಹಿತ್ತಲೆಲ್ಲ ಸೊಗಡು ತುಂಬಿತ್ತು. ಸುತ್ತಲೂ ಐದು ಅಡಿಯ ಚೈನ್‌ಲಿಂಕ್ ಜಾಲರಿ ಇತ್ತು, ಆದರೂ ಮೂರು ರಾತ್ರಿಯಲ್ಲಿ ಎರಡು ಸಾಲು ಖಾಲಿಯಾದವು. ಜಾಲರಿಯ ಮೇಲೆ ಇನ್ನೆರಡು ಎಳೆ ಮುಳ್ಳುತಂತಿ ಎಳೆಯೋಣವೆಂದು ನಾನು ಏಣಿ ತಂದು ಹತ್ತಿದ್ದಾಗ, ದನ ಹೊಡೆದುಕೊಂಡು ಹೋಗುತ್ತಿದ್ದ ಪಕ್ಕದ ಮನೆಯ ಅಜ್ಜ ನಿಂತು ನೋಡಿ, ‘ಮೇಲ್ಗಡೆ ಯಾಕ್ ನೋಡ್ತಿದ್ದೀಯೆ ಕಣಪ್ಪ, ಅದು ಹಾರಲ್ಲ, ನುಸುಳ್ಕಂಡು ಬತ್ತದೆ, ಕೆಳೀಕ್ ನೋಡು’ ಎಂದರು. ಇಳಿದು ನೋಡಿದರೆ, ಮಳೆನೀರು ಹರಿದು ಕೊರೆದ ಒಂದು ಕಡೆ ಜಾಲರಿಗೂ ನೆಲಕ್ಕೂ ನಡುವೆ ಹನ್ನೊಂದು ಅಂಗುಲ ಸಂದಿ ಇತ್ತು. ಅಲ್ಲಿನ ಮಣ್ಣು ಉಜ್ಜಿ ನುಣುಪಾಗಿ ಸಗಣಿ ಸಾರಿಸಿದ ನೆಲದಂತೆ ಹೊಳೆಯುತ್ತಿತ್ತು. ಜಾಲರಿಯ ಕೆಳಗಣ್ಣುಗಳಿಗೆ ಐದಾರು ಗಡುಸು ಕೂದಲು ಸಿಕ್ಕಿಕೊಂಡಿದ್ದವು, ಹೆಚ್ಚಿನವು ಕಂದು, ಎರಡು ಮಾತ್ರ ಅಚ್ಚ ಬಿಳಿ. ಬೆನ್ನಿನ ಚುಕ್ಕೆಯವೇ ಇರಬೇಕು. ಮಣ್ಣು ತಾಗಿದರೆ ತುಕ್ಕು ಹಿಡಿಯುತ್ತದೆಂದು ಬೇಲಿ ಹಾಕಿದ ಮೇಸ್ತ್ರಿ ಜಾಲರಿಯನ್ನು ಒಂದು ಗೇಣು ಎತ್ತಿ ಕಟ್ಟಿದ್ದ, ಉಳಿದದ್ದನ್ನು ಮಳೆ ಮಾಡಿತ್ತು.

ಬಂದದ್ದು ಜಿಂಕೆಯೇ?

ಖರ್ಚು ಮಾಡುವ ಮೊದಲು ಬಂದ ಪ್ರಾಣಿ ಯಾವುದೆಂದು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಮೊಲಕ್ಕೆ ಹಾಕುವ ಬೇಲಿ ಬೇರೆ, ಹಂದಿಗೆ ಬೇರೆ, ಪಕ್ಕದ ಮನೆಯ ಮೇಕೆಗೆ ಬೇಲಿಗಿಂತ ಮಾತುಕತೆಯೇ ಅಗ್ಗ. ಜಿಂಕೆಗೆ ದನ, ಮೇಕೆಗಳಂತೆಯೇ ಮೇಲ್ದವಡೆಯ ಮುಂದೆ ಹಲ್ಲಿಲ್ಲ. ಅದು ಚಿಗುರನ್ನು ಕೆಳಹಲ್ಲಿಗೂ ಮೇಲಿನ ಗಟ್ಟಿ ವಸಡಿಗೂ ನಡುವೆ ಹಿಡಿದು ಜಗ್ಗಿ ಕೀಳುವುದರಿಂದ ಉಳಿದ ದಂಟಿನ ತುದಿ ನಾರುನಾರಾಗಿ ಹರಿದಂತೆ ಕಾಣುತ್ತದೆ. ಮೊಲ ಕಚ್ಚಿದ ತುದಿಯಾದರೆ ಕುಡುಗೋಲಿನಿಂದ ಓರೆಯಾಗಿ ಕೊಯ್ದಂತೆ ಚೊಕ್ಕಟವಾಗಿರುತ್ತದೆ ಮತ್ತು ನೆಲದಿಂದ ಒಂದೂವರೆ ಅಡಿಗಿಂತ ಮೇಲೆ ಅಪರೂಪ. ನೆಲವನ್ನು ಉತ್ತಂತೆ ಮಗುಚಿದ್ದರೆ ಹಂದಿ, ಗೆಡ್ಡೆಗಳನ್ನಷ್ಟೇ ತೋಡಿ ತಿಂದು ಗಿಡದ ಬುಡ ಕೆರೆದಿದ್ದರೆ ಮುಳ್ಳುಹಂದಿಯ ಮೇಲೆ ಅನುಮಾನ ಪಡಬಹುದು.

ಹೆಜ್ಜೆ ಇನ್ನೂ ಖಚಿತ. ಒದ್ದೆ ಮಣ್ಣಿನಲ್ಲಿ ಜಿಂಕೆಯ ಗೊರಸು ಎರಡು ಹೋಳಾಗಿ, ಮುಂದೆ ಚೂಪಾಗಿ, ಎರಡು ಅಂಗುಲದಷ್ಟು ಉದ್ದಕ್ಕೆ ಮೂಡುತ್ತದೆ. ಮೇಕೆಯ ಗೊರಸಿನ ತುದಿ ಅದಕ್ಕಿಂತ ಮೊಂಡು. ಹಿಕ್ಕೆಯೂ ಮೇಕೆಯದರಂತೆಯೇ ಕರಿ ಕಾಳುಗಳಾದರೂ ಜಿಂಕೆಯದರ ಒಂದು ತುದಿಯಲ್ಲಿ ಸಣ್ಣ ಮೊನೆ, ಇನ್ನೊಂದು ತುದಿಯಲ್ಲಿ ಸಣ್ಣ ಕುಳಿ ಇರುವುದುಂಟು. ಒಂದು ಗುಂಪು ಸಾಮಾನ್ಯವಾಗಿ ಒಂದೇ ಜಾಡಿನಲ್ಲಿ ಬಂದು ಅದೇ ಜಾಡಿನಲ್ಲಿ ಮರಳುತ್ತದೆ. ಹಿತ್ತಲ ಸುತ್ತ ಒಮ್ಮೆ ತಲೆ ತಗ್ಗಿಸಿ ನಡೆದರೆ ಆ ಜಾಡು ಸಿಕ್ಕೇ ಸಿಗುತ್ತದೆ, ಬೇಲಿಯ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಅದು ಯಾಕೆ ಬರುತ್ತದೆ ಎಂಬುದಕ್ಕೂ ಒಂದು ಮಾತು. ಬಂಡೀಪುರ, ನಾಗರಹೊಳೆಗಳ ಒಳಗೆ ಬೇಸಿಗೆಯಲ್ಲಿ ಹುಲ್ಲು ಒಣಗುತ್ತದೆ. ಸಾಲದ್ದಕ್ಕೆ ಲಂಟಾನ ಹಬ್ಬಿದ ಕಡೆಗಳಲ್ಲಿ ಹುಲ್ಲು ಹುಟ್ಟುವುದಕ್ಕೇ ಜಾಗವಿಲ್ಲ. ಮಾರ್ಚಿಯಿಂದ ಮುಂಗಾರಿನವರೆಗೆ ಕೊಳವೆಬಾವಿಯ ನೀರು ಕುಡಿದ ನಮ್ಮ ಹಿತ್ತಲೊಂದೇ ಆ ಸುತ್ತಿನಲ್ಲಿ ಹಸಿರಾಗಿರುತ್ತದೆ. ಇದು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಬೇರೆ ಕೆಲವಿವೆ. ಕೊಟ್ಟಿಗೆಯ ಹೊರಗೆ ರಾತ್ರಿಯಿಡೀ ತೆರೆದಿರುವ ಕಲಗಚ್ಚಿನ ಬಾನಿಯಲ್ಲಿ ಬೂಸವೂ ಉಪ್ಪೂ ಇರುತ್ತವೆ. ಜಿಂಕೆಗೆ ಉಪ್ಪಿನ ಆಸೆ ಬಲವಾದದ್ದು, ಆದ್ದರಿಂದ ಸಂಜೆ ಬಾನಿಯನ್ನು ಖಾಲಿ ಮಾಡಿ ಕವುಚಬೇಕು. ಹಲಸಿನ ಸಿಪ್ಪೆ, ಬಿದ್ದ ಮಾವು, ತರಕಾರಿ ಕಸವನ್ನು ಬೇಲಿಯ ಹೊರಗೆ ಎಸೆಯದೆ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಹಿತ್ತಲಿಗೆ ತಾಗಿದ ಹುಣಸೆಯಲ್ಲೋ ಅತ್ತಿಯಲ್ಲೋ ಮುಸುವಗಳು ಬೀಡುಬಿಟ್ಟರೆ, ಅವು ಉದುರಿಸುವ ಎಲೆ, ಹಣ್ಣಿಗೆ ಜಿಂಕೆಗಳು ಮರದಡಿ ಸೇರುವುದು ಕಾಡಿನಲ್ಲಿ ನಿತ್ಯದ ನೋಟ, ಊರಿನಲ್ಲೂ ಹಾಗೆಯೇ. ನೋಡಲು ಚೆಂದವೆಂದು ಜಿಂಕೆಗೆ ಸೊಪ್ಪು ಹಾಕುವವರಿದ್ದಾರೆ. ಜಿಂಕೆ ದಿನಾ ಬರುವ ಕಡೆಗೆ ಅದರ ಹಿಂದೆ ಚಿರತೆಯೂ ಬರುತ್ತದೆಂಬುದನ್ನು ಅವರಿಗೆ ನೆನಪಿಸಬೇಕಾಗುತ್ತದೆ.

ಬೇಲಿ

ಮೂವತ್ತಕ್ಕೆ ನಲವತ್ತು ಅಡಿಯ ಹಿತ್ತಲನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಸುತ್ತಳತೆ 140 ಅಡಿ. ಕಂಬದಿಂದ ಕಂಬಕ್ಕೆ ಎಂಟು ಅಡಿ ಬಿಟ್ಟರೆ ಹದಿನೆಂಟು ಕಂಬ, ಗೇಟಿಗೆ ಇನ್ನೆರಡು ಸೇರಿ ಇಪ್ಪತ್ತು. ನಮ್ಮ ಜಿಲ್ಲೆಗಳಲ್ಲಿ ಕಲ್ಲುಕಂಬ ಸುಲಭವಾಗಿ ಸಿಗುವುದರಿಂದ ಕಬ್ಬಿಣದ ಆಂಗಲ್‌ಗೆ ಹೋಗುವ ಅಗತ್ಯ ನನಗೆ ಕಂಡಿಲ್ಲ. ಕಲ್ಲಿಗೆ ಗೆದ್ದಲೂ ಇಲ್ಲ, ತುಕ್ಕೂ ಇಲ್ಲ. ಎಂಟು ಅಡಿಯ ಕಂಬ ತಂದು ಎರಡು ಅಡಿ ಗುಳಿಯಲ್ಲಿ ಹೂತರೆ ನೆಲದ ಮೇಲೆ ಆರು ಅಡಿ ಉಳಿಯುತ್ತದೆ. ನಾಲ್ಕು ಮೂಲೆಗಳ ಕಂಬಗಳಿಗೆ ಮತ್ತು ಗೇಟಿನ ಕಂಬಗಳಿಗೆ ಓರೆಯಾಗಿ ಆಸರೆಗಲ್ಲು ಕೊಡದಿದ್ದರೆ ತಂತಿ ಬಿಗಿದ ದಿನವೇ ಅವು ಒಳಕ್ಕೆ ವಾಲುತ್ತವೆ. ಗುಳಿಗೆ ಕಲ್ಲುಚೂರು ಹಾಕಿ ಹಾರೆಯಿಂದ ಗುದ್ದಿ ಗಟ್ಟಿ ಮಾಡಿ, ಒಂದು ಮಳೆ ಬಿದ್ದು ಮಣ್ಣು ಕೂತ ಮೇಲೆ ತಂತಿ ಎಳೆಯುವುದು ಉತ್ತಮ. ಅವಸರವಿದ್ದವರು ನೀರು ಹುಯ್ದು ಎರಡು ದಿನ ಬಿಡಬಹುದು.

ಕಂಬಗಳಿಗೆ ಮೊದಲು ಗಟ್ಟಿ ಜಿಐ ತಂತಿಯನ್ನು, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿಯನ್ನು, ಅಡ್ಡಲಾಗಿ ಐದು ಎಳೆ ಎಳೆಯಬೇಕು: ನೆಲದಿಂದ ಎರಡು ಬೆರಳು ಮೇಲೆ ಒಂದು, ನಡುವೆ ಒಂದು, ಐದು ಅಡಿಗೆ ಒಂದು, ಐದೂವರೆಗೂ ಆರಕ್ಕೂ ತಲಾ ಒಂದು. ಕೆಳಗಿನ ಮೂರು ಎಳೆಗಳಿಗೆ ಐದು ಅಡಿ ಅಗಲದ, ಎರಡು ಅಂಗುಲ ಕಣ್ಣಿನ ಚೈನ್‌ಲಿಂಕ್ ಜಾಲರಿಯನ್ನು ಕಟ್ಟುತಂತಿಯಿಂದ ಗೇಣಿಗೊಂದರಂತೆ ಬಿಗಿಯಬೇಕು. ಐವತ್ತು ಅಡಿಯ ಸುರುಳಿಯಾದರೆ ಮೂರು ಸಾಕು, ಉಳಿದ ಹತ್ತಡಿ ಮೋರಿಗೂ ತೇಪೆಗೂ ಬರುತ್ತದೆ. ಮೇಲಿನ ಎರಡು ಎಳೆ ಬರೀ ಬೋಳುತಂತಿ. ಹಾರಲು ಮನಸ್ಸು ಮಾಡಿದ ಜಿಂಕೆಗೆ ಎತ್ತರ ತೋರಿಸುವುದಷ್ಟೇ ಅವುಗಳ ಕೆಲಸ, ಅಲ್ಲಿ ಮುಳ್ಳು ಬೇಡ. ಎಳೆಗಳಿಗೆ ಅಲ್ಲಲ್ಲಿ ಬಿಳಿ ಬಟ್ಟೆಯ ತುಂಡು ಕಟ್ಟಿದರೆ ಕತ್ತಲಲ್ಲಿ ಕಾಣುತ್ತವೆ.

ಈಗ ಬುಡ. ಕೆಳಗಿನ ಎಳೆತಂತಿ ಇಲ್ಲದಿದ್ದರೆ ಜಾಲರಿ ಎಷ್ಟೇ ಬಿಗಿಯಾಗಿ ಕಂಡರೂ ಮೂತಿಯಿಂದ ಒತ್ತಿದಾಗ ಪರದೆಯಂತೆ ಮೇಲೇಳುತ್ತದೆ, ತಲೆ ಹೋದ ಕಡೆ ಜಿಂಕೆಯ ಮೈಯೂ ಹೋಗುತ್ತದೆ. ಆದ್ದರಿಂದ ಈ ಒಂದು ಎಳೆಯಲ್ಲಿ ಉಳಿತಾಯ ಮಾಡಬಾರದು. ಜಾಲರಿ ನೆಲವನ್ನು ಮುಟ್ಟುವಂತಿರಬೇಕು, ಎಲ್ಲಿಯೂ ನಾಲ್ಕು ಬೆರಳಿಗಿಂತ ಹೆಚ್ಚು ಸಂದಿ ಇರಬಾರದು. ತುಕ್ಕಿನ ಭಯವಿದ್ದವರು ಜಾಲರಿಯನ್ನು ಮಣ್ಣಿನಲ್ಲಿ ಹೂಳುವ ಬದಲು ಬೇಲಿಯ ಹೊರಬದಿಗೆ ಉದ್ದಕ್ಕೂ ಸೈಜುಗಲ್ಲಿನ ಒಂದು ಸಾಲು ಜೋಡಿಸಬಹುದು. ನಾನು ಜಾಡು ಬಿದ್ದಿದ್ದ ಹದಿನೈದು ಅಡಿಯಲ್ಲಿ ಮಾತ್ರ ಒಂದಡಿ ಅಗಲದ ಹಳೆಯ ಜಾಲರಿಯನ್ನು ಬೇಲಿಯ ಬುಡಕ್ಕೆ ಹೊಲಿದಂತೆ ಕಟ್ಟಿ, ಹೊರಗಿನ ನೆಲದ ಮೇಲೆ ಹಾಸಿ, ಮೇಲೆ ಕಲ್ಲು ಹೇರಿದೆ. ನುಸುಳಲು ಬಂದ ಪ್ರಾಣಿ ಬೇಲಿಯ ಬುಡಕ್ಕೆ ಮೂಗು ತಂದಾಗ ಅದರ ಕಾಲು ಈಗಾಗಲೇ ಆ ಹಾಸಿನ ಮೇಲಿರುತ್ತದೆ, ಕೆರೆದರೂ ಏಳದು. ಕೆರೆಯುವ ಹಂದಿಗೂ ಇದು ತಕ್ಕಮಟ್ಟಿಗೆ ಅಡ್ಡಿ, ಪೂರ್ತಿ ಅಲ್ಲ.

ಇಳಿಜಾರಿನ ಹಿತ್ತಲಿನಲ್ಲಿ ಬದುವಿನ ತಗ್ಗಿನ ಬದಿಗೆ ಬೇಲಿ ಹಾಕುವ ತಪ್ಪು ಬಹಳ ಕಡೆ ಕಾಣುತ್ತದೆ. ಹೊರಗಿನ ಬದು ಎರಡು ಅಡಿ ಎತ್ತರವಿದ್ದರೆ ನಿಮ್ಮ ಆರಡಿಯ ಬೇಲಿ ಬದುವಿನ ಮೇಲೆ ನಿಂತ ಜಿಂಕೆಗೆ ನಾಲ್ಕೇ ಅಡಿ. ಬೇಲಿಯನ್ನು ಬದುವಿನ ನೆತ್ತಿಯ ಮೇಲೆಯೇ ತರಬೇಕು, ಆಗದಿದ್ದರೆ ಆರಡಿ ಒಳಕ್ಕೆ ಸರಿಸಬೇಕು.

ಕಡವೆ ಬರುವ ಊರುಗಳಲ್ಲಿ ಈ ಲೆಕ್ಕ ಬದಲಾಗುತ್ತದೆ. ಕಡವೆ ದೊಡ್ಡ ಪ್ರಾಣಿ. ಭುಜವೇ ನಾಲ್ಕು ಅಡಿ ಮುಟ್ಟುತ್ತದೆ, ಮೈತೂಕದಿಂದಲೇ ಸಡಿಲ ಜಾಲರಿಯನ್ನು ಕೆಡವಬಲ್ಲದು. ಅಲ್ಲಿ ಕಂಬ ಹತ್ತು ಅಡಿಯದಿರಬೇಕು, ನೆಲದ ಮೇಲೆ ಏಳೂವರೆ ಅಡಿ ಉಳಿಯಬೇಕು. ಆನೆ ಬರುವ ದಾರಿಯಲ್ಲಿ ಹಿತ್ತಲಿದ್ದವರಿಗೆ ನಾನು ಹೇಳುತ್ತಿರುವ ಯಾವುದೂ ಬೇಲಿಯೇ ಅಲ್ಲ. ಅಲ್ಲಿ ಆನೆಯ ವಿಚಾರ ಮೊದಲು ನೋಡಿಕೊಳ್ಳಬೇಕು.

ಗೇಟಿನ ಮಾತನ್ನು ಬೇರೆಯಾಗಿಯೇ ಹೇಳಬೇಕು. ಸುತ್ತ ಕಲ್ಲುಕಂಬ ನೆಟ್ಟು, ಜಾಲರಿ ಬಿಗಿದು, ಬಾಗಿಲಿಗೆ ಮಾತ್ರ ತೆಂಗಿನ ಗರಿಯ ತಡಿಕೆ ಒರಗಿಸುವುದು ನಮ್ಮಲ್ಲಿ ರೂಢಿ. ಗೇಟು ಬೇಲಿಯಷ್ಟೇ ಎತ್ತರವಿರಬೇಕು, ಅದಕ್ಕೂ ಜಾಲರಿ ಹೊಡೆದಿರಬೇಕು. ಗೇಟಿನಡಿ ನಡೆದೂ ನಡೆದೂ ಮಣ್ಣು ತಗ್ಗಾಗುವುದರಿಂದ ಹೊಸ್ತಿಲಿನಂತೆ ಒಂದು ಚಪ್ಪಡಿ ಕಲ್ಲು ಹಾಸಿದರೆ ಸಂದಿ ಬೆಳೆಯುವುದಿಲ್ಲ. ಮನೆಯ ಎಲ್ಲರಿಗೂ ಹೇಳಿ ಸಾಕಾದ ಮೇಲೆ ನಾನು ಗೇಟಿಗೆ ಸೈಕಲ್ ಟ್ಯೂಬ್ ಕಟ್ಟಿದೆ. ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ, ವರ್ಷಕ್ಕೊಂದು ಟ್ಯೂಬ್ ಸಾಕು. ಮೋರಿಯ ನೀರು ಹೊರಹೋಗುವಲ್ಲಿ ಬೇಲಿಯನ್ನು ಎತ್ತದೆ ನಾಲ್ಕಂಗುಲದ ಪೈಪು ಹೂತು ನೀರನ್ನು ಅದರೊಳಗಿಂದ ಬಿಡಬೇಕು.

ಅಷ್ಟು ಖರ್ಚು ಬೇಡವೆಂದರೆ

ಜಿಂಕೆಗೆ ಕಾಲಿಡುವ ನೆಲ ಕಾಣದಿದ್ದರೆ ಅದು ಹಾರಲು ಹಿಂಜರಿಯುತ್ತದೆ. ಬಡವರ ಬೇಲಿಗೆಲ್ಲ ಈ ಹಿಂಜರಿಕೆಯೇ ಆಧಾರ. ಕಾಡಂಚಿನ ಹೊಲಗಳಲ್ಲಿ ಸುತ್ತಲೂ ಕಟ್ಟಿದ ಬಣ್ಣಬಣ್ಣದ ಹಳೆ ಸೀರೆಗಳನ್ನು ನೋಡಿ ನಗುವವರು ಇದನ್ನು ಅರಿತಿರುವುದಿಲ್ಲ. ಆದರೆ ಸೀರೆ ಕಟ್ಟುವ ಹೆಚ್ಚಿನವರೂ ಅರ್ಧ ಕೆಲಸ ಮಾಡುತ್ತಾರೆ: ಮೇಲಂಚನ್ನು ಮಾತ್ರ ಹಗ್ಗಕ್ಕೆ ಕಟ್ಟಿ ಕೆಳಗಂಚನ್ನು ಗಾಳಿಗೆ ಬಿಡುತ್ತಾರೆ. ನಾಲ್ಕು ದಿನ ಪಟಪಟ ಎನ್ನುವುದಕ್ಕೆ ಜಿಂಕೆ ಬೆದರುತ್ತದೆ, ಐದನೆಯ ದಿನ ಸೆರಗೆತ್ತಿಕೊಂಡು ಒಳಗೆ ಬರುತ್ತದೆ. ಬಿದಿರಿನ ಗಳುಗಳನ್ನು ಆರಡಿಗೊಂದರಂತೆ ನೆಟ್ಟು, ಮೇಲೊಂದು ಕೆಳಗೊಂದು ಹಗ್ಗ ಎಳೆದು, ಸೀರೆಯ ಎರಡೂ ಅಂಚುಗಳನ್ನು ಬಿಗಿಯಾಗಿ ಕಟ್ಟಿ, ಒಂದರ ಕೊನೆ ಇನ್ನೊಂದರ ಮೇಲೆ ಒಂದು ಮೊಳ ಬರುವಂತೆ ಮಾಡಿದರೆ ಒಂದು ಬೆಳೆಯ ಕಾಲಕ್ಕೆ ಅದು ನಂಬಬಹುದಾದ ಮರೆ. ಸೀರೆಯ ಅಗಲ ನಾಲ್ಕು ಅಡಿಗಿಂತ ಕೊಂಚ ಕಡಿಮೆಯೇ ಇರುವುದರಿಂದ ಎತ್ತರ ಸಾಲದೆಂದು ಕಂಡರೆ ಅದರ ಮೇಲೆ ಎರಡು ಎಳೆ ಹಗ್ಗ ಎಳೆಯಬೇಕು. ಹತ್ತಿಯ ಸೀರೆ ಮಳೆಗೆ ಬೇಗ ಕೊಳೆಯುತ್ತದೆ, ಪಾಲಿಯೆಸ್ಟರ್ ಬಿಸಿಲಿಗೆ ಬಣ್ಣ ಬಿಟ್ಟರೂ ಹರಿಯದೆ ನಿಲ್ಲುತ್ತದೆ. ಗಳುವಿನ ಬುಡಕ್ಕೆ ಡಾಂಬರು ಬಳಿದರೆ ಗೆದ್ದಲು ತಡವಾಗಿ ಬರುತ್ತದೆ. ನರ್ಸರಿಗಳಲ್ಲಿ ಬಳಸುವ ಹಸಿರು ಶೇಡ್‌ನೆಟ್ಟನ್ನೂ ಇದೇ ರೀತಿ ಕಟ್ಟಬಹುದು. ಅದು ಕೆಲವು ವರ್ಷ ಬಾಳುತ್ತದೆ, ಕೋತಿ ಇರುವ ಊರಿನಲ್ಲಿ ಮಾತ್ರ ಅದರ ಆಯಸ್ಸು ಕೋತಿಯ ಮರ್ಜಿ.

ತೀರಾ ಸಣ್ಣ ಜಾಗಕ್ಕೆ ಇನ್ನೊಂದು ಅನುಕೂಲವಿದೆ. ಹತ್ತಕ್ಕೆ ಹದಿನೈದು ಅಡಿಯಷ್ಟು ಇಕ್ಕಟ್ಟಾದ, ಒಳಗೆ ಚಪ್ಪರ, ಕೋಲು ತುಂಬಿರುವ ಮಡಿಗಳಿಗೆ ನಾಲ್ಕಡಿಯ ಬೇಲಿ ಹಾಕಿದರೂ ಜಿಂಕೆ ಹಾರಲು ಮನಸ್ಸು ಮಾಡುವುದು ಕಡಿಮೆ, ಒಳಗೆ ಓಡಿ ತಪ್ಪಿಸಿಕೊಳ್ಳಲು ಸ್ಥಳವಿಲ್ಲವೆಂದು ಅದಕ್ಕೆ ಕಾಣುತ್ತದೆ. ಆದ್ದರಿಂದ ಹಿತ್ತಲಿಗೆಲ್ಲ ಬೇಲಿ ಹಾಕಲಾಗದವರು ಅವರೆ, ಬೀನ್ಸ್, ಸೊಪ್ಪಿನ ಮಡಿಗಳನ್ನು ಒಂದೆಡೆ ತಂದು ಅಷ್ಟಕ್ಕೆ ಮಾತ್ರ ಹಾಕಿಕೊಳ್ಳಬಹುದು.

ಜೀವಂತ ಬೇಲಿ ಬೆಳೆಸುವವರು ಮೃಗಶಿರಾ ಮಳೆಗೆ ನೆಡಬೇಕು. ಜೂನ್ ಎರಡನೆಯ ವಾರದ ಹೊತ್ತಿಗೆ ಹುಟ್ಟುವ ಆ ಮಳೆಯ ಹೆಸರಿನಲ್ಲೇ ಜಿಂಕೆಯ ತಲೆ ಇರುವುದು ತಮಾಷೆಯ ಸಂಗತಿ. ಕವಳಿಯಂಥ ಮುಳ್ಳುಗಿಡವನ್ನು ಹೊರಸಾಲಿಗೆ, ಆಡುಸೋಗೆ ಅಥವಾ ಲಕ್ಕಿಯನ್ನು ಒಳಸಾಲಿಗೆ, ಒಂದೂವರೆ ಅಡಿ ಅಂತರದಲ್ಲಿ, ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗಿಡ ಬರುವಂತೆ ನೆಡಬೇಕು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಗೆ ಆಡುಸೋಗೆಯೇ ಅಪವಾದ, ಜಿಂಕೆಯೂ ಅದರ ಕಹಿಗೆ ಮುಖ ತಿರುಗಿಸುತ್ತದೆ. ಬೇಲಿ ಬುಡದಿಂದಲೇ ದಟ್ಟವಾಗಬೇಕಾದರೆ ಮೊದಲ ವರ್ಷವೇ ಮೊಳಕಾಲೆತ್ತರಕ್ಕೆ ಕತ್ತರಿಸಬೇಕು. ಬೆಳೆಯಲೆಂದು ಬಿಟ್ಟರೆ ಮೇಲೆ ಕೊಡೆ, ಕೆಳಗೆ ಬಾಗಿಲು. ಮೂರು ವರ್ಷದ ತಾಳ್ಮೆ ಇದಕ್ಕೆ ಬೇಕು, ಅಲ್ಲಿಯವರೆಗೆ ಸೀರೆಯೇ ಗತಿ. ಲಂಟಾನವನ್ನು ಮಾತ್ರ ಬೇಲಿಗೆಂದು ತಂದು ನೆಡಬೇಡಿ, ಅದು ಕೇಳದೆಯೇ ಬರುತ್ತದೆ.

ಗಿಡಗಳ ಆಯ್ಕೆ, ಸಸಿಗಳ ರಕ್ಷಣೆ

ಬೇಲಿಯ ಹೊರಗೆ ಉಳಿಯುವ ಜಾಗದಲ್ಲಿ ಏನು ಬೆಳೆಯಬೇಕೆಂಬುದನ್ನು ಜಿಂಕೆಯೇ ತೀರ್ಮಾನಿಸುತ್ತದೆ. ಅವರೆ, ಅಲಸಂದೆ, ಹುರುಳಿ, ಗೆಣಸಿನ ಬಳ್ಳಿ, ದಂಟು, ಬಸಳೆ, ಗುಲಾಬಿ, ದಾಸವಾಳ, ನುಗ್ಗೆಯ ಎಳೆಚಿಗುರು ಇವುಗಳಿಗೆ ಅದು ದೂರದಿಂದ ಬರುತ್ತದೆ. ಗುಲಾಬಿಯ ಮುಳ್ಳು ಅದಕ್ಕೆ ಲೆಕ್ಕಕ್ಕಿಲ್ಲ. ಅರಿಶಿನ, ಶುಂಠಿ, ಮಜ್ಜಿಗೆಹುಲ್ಲು, ದೊಡ್ಡಪತ್ರೆ, ತುಳಸಿ, ಕಾಮಕಸ್ತೂರಿಯಂಥ ಘಾಟಿನ ಎಲೆಗಳನ್ನೂ, ಹಾಲು ಒಸರುವ ನಿತ್ಯಪುಷ್ಪ, ಕಣಗಿಲೆಯಂಥವನ್ನೂ ಸಾಮಾನ್ಯವಾಗಿ ಬಿಡುತ್ತದೆ. ಕಣಗಿಲೆ ವಿಷ, ಮಕ್ಕಳಿರುವ ಮನೆಯವರು ಗಮನಿಸಬೇಕು. ಏಪ್ರಿಲ್ ತಿಂಗಳ ಹಸಿವಿನಲ್ಲಿ ಈ ಪಟ್ಟಿಯೂ ಸಡಿಲವಾಗುತ್ತದೆ, ಆದ್ದರಿಂದ ಅರಿಶಿನದ ಸಾಲೇ ಬೇಲಿಯಾಗುತ್ತದೆಂದು ನಂಬಬೇಡಿ.

ಮಾವು, ಸಪೋಟ, ನಿಂಬೆಯ ಸಸಿಗಳಿಗೆ ಎರಡು ಬಗೆಯ ಅಪಾಯ. ಚಿಗುರು ಮೇಯುವುದು ಒಂದಾದರೆ, ಗಂಡು ಜಿಂಕೆ ಕೊಂಬು ಉಜ್ಜುವುದು ಇನ್ನೊಂದು. ವರ್ಷಕ್ಕೊಮ್ಮೆ ಕೊಂಬು ಉದುರಿ ಹೊಸದು ಬೆಳೆದಾಗ ಅದರ ಮೇಲೆ ಮಖಮಲ್ಲಿನಂಥ ತೊಗಲಿರುತ್ತದೆ. ಆ ತೊಗಲು ಕಳೆಯುವಾಗ ಹೆಬ್ಬೆರಳಿನಿಂದ ಮಣಿಕಟ್ಟಿನಷ್ಟು ದಪ್ಪದ ಕಾಂಡಗಳನ್ನು ಹುಡುಕಿ ಕೊಂಬು ತಿಕ್ಕಿ ತೊಗಟೆಯನ್ನೆಲ್ಲ ಸುಲಿಯುತ್ತದೆ, ಸುತ್ತಲೂ ಸುಲಿದ ಸಸಿ ಬದುಕುವುದಿಲ್ಲ. ಪ್ರತಿ ಸಸಿಗೂ ಎರಡಡಿ ಅಡ್ಡಳತೆಯ, ಐದಡಿ ಎತ್ತರದ ಜಾಲರಿಯ ಕೊಳವೆ ಮಾಡಿ, ಎರಡು ಗೂಟಗಳಿಗೆ ಕಟ್ಟಿ ನಿಲ್ಲಿಸಬೇಕು. ಒಂದಕ್ಕೆ ಏಳಡಿ ಜಾಲರಿ ಹಿಡಿಯುತ್ತದೆ. ಗೂಟ ಒಂದೇ ಆದರೆ ಕೊಳವೆ ಬುಗುರಿಯಂತೆ ತಿರುಗಿ ಸಸಿಯನ್ನೇ ಉಜ್ಜುತ್ತದೆ. ಸಸಿ ಕೊಳವೆಯನ್ನು ಮೀರಿ ಕವಲೊಡೆದ ಮೇಲೂ ಕಾಂಡ ತೊಡೆಯಷ್ಟು ದಪ್ಪವಾಗುವವರೆಗೆ ತೆಗೆಯಬೇಡಿ.

ವಾಸನೆ, ಬೆಳಕು, ಸದ್ದು

ಇವುಗಳನ್ನು ಬೇಲಿಗೆ ಬದಲಾಗಿ ಅಲ್ಲ, ಬೇಲಿ ಮುಗಿಯುವವರೆಗಿನ ತಾತ್ಕಾಲಿಕ ಉಪಾಯವಾಗಿ ನೋಡಬೇಕು. ವಾಸನೆಗಳಲ್ಲಿ ಮೊಟ್ಟೆಯದು ಮೇಲು: ಮೂರು ಹಸಿ ಮೊಟ್ಟೆಯನ್ನು ಕದಡಿ, ಬಟ್ಟೆಯಲ್ಲಿ ಸೋಸಿ, ನಾಲ್ಕು ಲೀಟರ್ ನೀರಿಗೆ ಬೆರೆಸಿ, ಅಂಟಲು ಒಂದು ಚಮಚ ಸೋಪಿನ ನೀರು ಹಾಕಿ, ಹೂಗಿಡಗಳಿಗೂ ಸಸಿಗಳಿಗೂ ಸಂಜೆ ಸಿಂಪಡಿಸಬೇಕು. ಕೊಳೆತ ಮೊಟ್ಟೆಯ ವಾಸನೆ ನಮಗೆ ಒಣಗಿದ ಮೇಲೆ ತಿಳಿಯದಿದ್ದರೂ ಜಿಂಕೆಗೆ ತಿಳಿಯುತ್ತದೆ. ಮಳೆ ಬಂದರೆ ಮತ್ತೆ ಹೊಡೆಯಬೇಕು, ಹೊಸ ಚಿಗುರು ಬಂದಾಗಲೂ ಹೊಡೆಯಬೇಕು, ತಿನ್ನುವ ಸೊಪ್ಪಿಗೆ ಮಾತ್ರ ಹೊಡೆಯಬಾರದು. ಸೋಪಿನ ಬಿಲ್ಲೆ ನೇತುಹಾಕುವುದು ಅದರ ಸುತ್ತಲಿನ ಒಂದು ಮೀಟರಿಗೆ ಮಾತ್ರ ಉಪಯೋಗ. ಬೆದರುಬೊಂಬೆ, ಮಿಣುಕುವ ದೀಪ, ಕ್ಯಾಸೆಟ್ಟಿನ ಪಟ್ಟಿ, ತಗಡಿನ ಡಬ್ಬ ಇವೆಲ್ಲ ಒಂದು ವಾರ ಕೆಲಸ ಮಾಡುತ್ತವೆ. ಎರಡು ದಿನಕ್ಕೊಮ್ಮೆ ಜಾಗ ಬದಲಿಸಿದರೆ ಎರಡು ವಾರ.

ಮಾಡಬಾರದವು

ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಅಪರಾಧವೂ ಹೌದು, ಕೊಲೆಗೆ ದಾರಿಯೂ ಹೌದು. ಮೊದಲು ಸಾಯುವುದು ಹಲವು ಸಲ ಮನೆಯವರೇ. ಸೋಲಾರ್ ಬೇಲಿ ಬೇರೆ ವಿಚಾರ. ಅದರ ಯಂತ್ರ ಬ್ಯಾಟರಿಯಿಂದ ಸೆಕೆಂಡಿಗೆ ಸುಮಾರು ಒಂದರಂತೆ ಕ್ಷಣಮಾತ್ರದ ಹೊಡೆತ ಕೊಡುತ್ತದೆಯೇ ಹೊರತು ಹಿಡಿದುಕೊಳ್ಳುವುದಿಲ್ಲ. ಆದರೆ ಹಿತ್ತಲಿಗೆ ಅದು ದುಬಾರಿ, ಹುಲ್ಲು ತಾಗಿದರೆ ಬಲ ಕುಂದುತ್ತದೆ. ಉರುಳು ಒಡ್ಡುವುದು, ಹಿಡಿಯುವುದು, ಗಾಯಗೊಳಿಸುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಯೆಂದೇ ಎಣಿಕೆಯಾಗುತ್ತವೆ, ಬೆಳೆ ತಿಂದಿತೆಂಬುದು ಅದಕ್ಕೆ ಸಮಜಾಯಿಷಿಯಾಗುವುದಿಲ್ಲ.

ಫೋರೇಟ್ ಎಂಬ ಕೀಟನಾಶಕದ ಗುಳಿಗೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬೇಲಿಗೆ ತೂಗುಹಾಕುವ ಹಳೆಯ ಪದ್ಧತಿ ಇನ್ನೂ ಕೆಲವರ ಬಾಯಲ್ಲಿದೆ. ಅದು ಅತ್ಯಂತ ತೀಕ್ಷ್ಣವಾದ ವಿಷ, ಕೇಂದ್ರ ಸರ್ಕಾರದ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ಅದರ ಮಾರಾಟ, ಬಳಕೆ ನಿಂತಿದೆ. ಅಟ್ಟದಲ್ಲಿ ಹಳೆಯ ಪೊಟ್ಟಣ ಉಳಿದಿದ್ದರೂ ಅಡುಗೆಯ ಸೊಪ್ಪಿನ ಪಕ್ಕ ಅದಕ್ಕೆ ಜಾಗವಿಲ್ಲ. ಮೀನಿನ ಬಲೆಯನ್ನಾಗಲಿ ಸಡಿಲ ನೈಲಾನ್ ಬಲೆಯನ್ನಾಗಲಿ ಸುತ್ತಬೇಡಿ. ಅದಕ್ಕೆ ಗಂಡಿನ ಕೊಂಬು ಸಿಕ್ಕಿಕೊಳ್ಳುತ್ತದೆ, ಕೇರೆ, ನಾಗರಗಳೂ ಸಿಕ್ಕಿ ಸಾಯುತ್ತವೆ, ಬಿಡಿಸಲು ಹೋದವರಿಗೂ ಅಪಾಯ. ನಾಯಿ ಬೊಗಳಿ ಓಡಿಸಲೆಂದು ರಾತ್ರಿ ಹಿತ್ತಲಿನಲ್ಲಿ ಕಟ್ಟಿಹಾಕುವುದು ಚಿರತೆಗೆ ಎಡೆ ಇಟ್ಟಂತೆ.

ಇಷ್ಟರ ಮೇಲೂ ಜಿಂಕೆಯೊಂದು ಒಳಗೆ ಬಂದು ದಾರಿ ತಪ್ಪಿ ಜಾಲರಿಗೆ ಬಡಿದುಕೊಳ್ಳುತ್ತಿದ್ದರೆ ಜನ ಸೇರಿಸಬೇಡಿ. ಹಿಡಿಯುವ ಗಲಾಟೆಯ ಆಘಾತದಿಂದಲೇ, ಮೈಮೇಲೆ ಗಾಯವಿಲ್ಲದೆಯೂ, ಜಿಂಕೆ ಸಾಯುತ್ತದೆ. ದೀಪ ಆರಿಸಿ, ನಾಯಿಯನ್ನು ಒಳಗೆ ಕೂಡಿ, ಗೇಟನ್ನು ಪೂರ್ತಿ ತೆರೆದಿಟ್ಟು ಎಲ್ಲರೂ ಮನೆಯೊಳಗೆ ಹೋದರೆ ಸಾಮಾನ್ಯವಾಗಿ ಅದು ಬಂದಂತೆಯೇ ಹೋಗುತ್ತದೆ. ಗಾಯಗೊಂಡಿದ್ದರೆ ಅಥವಾ ಸಿಕ್ಕಿಕೊಂಡಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು. ಪೊದೆಯಲ್ಲಿ ಒಂಟಿ ಮರಿ ಮಲಗಿದ್ದರೆ ತಾಯಿ ಬಿಟ್ಟುಹೋಗಿದೆಯೆಂದು ಎತ್ತಿಕೊಂಡು ಬರಬೇಡಿ. ಮೇಯಲು ಹೋಗುವಾಗ ಮರಿಯನ್ನು ಹಾಗೆ ಅಡಗಿಸಿಡುವುದು ತಾಯಿಯ ಪದ್ಧತಿ, ಕತ್ತಲಾದ ಮೇಲೆ ಬಂದು ಕರೆದುಕೊಂಡು ಹೋಗುತ್ತದೆ.

ಬೇಲಿ ಮುಗಿದ ಮೇಲೆ ಅದರ ಹೊರಬದಿಗೆ ಎರಡಡಿ ಅಗಲದ ನೆಲವನ್ನು ಕಳೆ ತೆಗೆದು, ಮಣ್ಣು ಪುಡಿ ಮಾಡಿ, ಸಂಜೆ ಪೊರಕೆಯಿಂದ ನವಿರಾಗಿ ಎಳೆದಿಡಿ. ಮೊದಲ ಹದಿನೈದು ದಿನ ಪ್ರತಿ ಬೆಳಗ್ಗೆ ಅದನ್ನು ಓದಬೇಕು. ಹೆಜ್ಜೆಗಳು ಹಳೆಯ ಜಾಡಿಗೆ ಬಂದು, ಬೇಲಿಯ ಉದ್ದಕ್ಕೂ ನಡೆದು, ಯಾವುದಾದರೂ ಒಂದು ಕಡೆ ಒತ್ತೊತ್ತಾಗಿ ತುಳಿದಿದ್ದರೆ ಅಲ್ಲಿ ಬುಡ ಸಡಿಲವಿದೆ ಎಂದರ್ಥ, ಅದೇ ದಿನ ಕಲ್ಲು ಸರಿಸಿ ಕಟ್ಟುತಂತಿ ಬಿಗಿಯಬೇಕು. ಜೋರು ಮಳೆಯ ಮರುದಿನವೂ ಹೀಗೆ ಒಂದು ಸುತ್ತು ಬರಬೇಕು. ನಮ್ಮ ಹಿತ್ತಲಿನಲ್ಲಿ ಹನ್ನೊಂದನೆಯ ದಿನದಿಂದ ಹೆಜ್ಜೆಗಳು ಹುಣಸೆಮರದವರೆಗೆ ಮಾತ್ರ ಬಂದು ಅಲ್ಲಿಂದ ಕೆರೆಯ ಕಡೆಗೆ ತಿರುಗುತ್ತಿವೆ.